ರೇ ಬದುಕಿನಿಂದ ಒಂದು ಪಾಠ: ಹಾಡು ಯಾರದು, ರೆಕಾರ್ಡಿಂಗ್ ಯಾರದು?

ಸಂಗೀತ ಉದ್ಯಮದ ಬಗ್ಗೆ ಓದುವಾಗ ನಮ್ಮಲ್ಲಿ ಬಹಳ ಜನ ತೊಡರಿಕೊಳ್ಳುವ ಜಾಗ ಒಂದಿದೆ. ಹಾಡಿನ ಹಕ್ಕು ಬೇರೆ, ರೆಕಾರ್ಡಿಂಗ್ ಹಕ್ಕು ಬೇರೆ. ನನಗೂ ಇದು ಸರಿಯಾಗಿ ತಲೆಗೆ ಹೋಗಿದ್ದು ಬ್ರಿಟನ್ನಿನ ರೇ ಎಂಬ ಗಾಯಕಿಯ ಕತೆ ಓದಿದ ಮೇಲೆ. ಅದಕ್ಕೇ ಆಕೆಯ ಬದುಕನ್ನು ಹಿಡಿದುಕೊಂಡೇ ಈ ಟಿಪ್ಪಣಿ ಬರೆಯುತ್ತಿದ್ದೇನೆ.

ಮೊದಲು ಒಂದು ಪದ. ಸಿಂಗರ್-ಸಾಂಗ್‌ರೈಟರ್ ಅಂದರೆ ತಾನು ಕಟ್ಟಿದ ಹಾಡನ್ನು ತಾನೇ ಹಾಡುವವರು. ರೇ ಅಂಥವಳು. ನಮ್ಮ ಸಿನಿಮಾ ಹಾಡುಗಳಲ್ಲಿ ಸಾಹಿತ್ಯ ಒಬ್ಬರದು, ಸಂಗೀತ ಇನ್ನೊಬ್ಬರದು, ದನಿ ಮತ್ತೊಬ್ಬರದು ಆಗಿರುವುದೇ ಜಾಸ್ತಿ. ಪುರಂದರದಾಸರನ್ನು ವಾಗ್ಗೇಯಕಾರರು ಅನ್ನುತ್ತೇವಲ್ಲ, ಆ ಪದ ಇದಕ್ಕೆ ಹತ್ತಿರ.

ರೇ ಪೂರ್ತಿ ಹೆಸರು ರೇಚಲ್ ಅಗಾಥಾ ಕೀನ್. ಹುಟ್ಟಿದ್ದು 1997ರ ಅಕ್ಟೋಬರ್ 24ರಂದು, ಬೆಳೆದದ್ದು ದಕ್ಷಿಣ ಲಂಡನ್‌ನಲ್ಲಿ. ಅಪ್ಪ ಇಂಗ್ಲೆಂಡ್‌ನವರು. ಅಮ್ಮನ ಕಡೆಯವರ ಮೂಲ ಘಾನಾ ಮತ್ತು ಸ್ವಿಟ್ಜರ್ಲೆಂಡ್. ಕ್ರಾಯ್ಡನ್‌ನ ಬ್ರಿಟ್ ಸ್ಕೂಲ್‌ಗೆ ಸೇರಿದಳು. ಅದು ಫೀಸ್ ಇಲ್ಲದ ಕಲಾ ಶಾಲೆ, ಗಾಯಕಿ ಅಡೆಲ್ ಓದಿದ್ದೂ ಅಲ್ಲೇ. ರೇಗೆ ಅಲ್ಲಿ ಉಸಿರು ಕಟ್ಟಿದಂತಾಯಿತು. ಎರಡು ವರ್ಷಕ್ಕೆ ಬಿಟ್ಟಳು.

2014ರಲ್ಲಿ ತನ್ನ ಮೊದಲ ಹಾಡುಗಳನ್ನು ಸೌಂಡ್‌ಕ್ಲೌಡ್ ಎಂಬ ಸಂಗೀತ ಜಾಲತಾಣದಲ್ಲಿ ಹಾಕಿದಳು. ಇಯರ್ಸ್ ಆ್ಯಂಡ್ ಇಯರ್ಸ್ ತಂಡದ ಗಾಯಕ ಆಲಿ ಅಲೆಕ್ಸಾಂಡರ್ ಅವನ್ನು ಕೇಳಿ, ತನ್ನ ಲೇಬಲ್, ಅಂದರೆ ಹಾಡು ರೆಕಾರ್ಡ್ ಮಾಡಿಸಿ ಬಿಡುಗಡೆ ಮಾಡುವ ಕಂಪನಿ, ಪಾಲಿಡಾರ್‌ಗೆ ಹೇಳಿದರು. ಒಪ್ಪಂದ ಆಯಿತು, ನಾಲ್ಕು ಆಲ್ಬಮ್‌ಗಳಿಗೆ. ಆಗ ಆಕೆಗೆ 17 ವರ್ಷ.

ಇಲ್ಲಿಂದ ನಿಧಾನವಾಗಿ ಓದಿ. ಮುಂದಿನ ಏಳು ವರ್ಷ ರೇ ಸುಮ್ನೆ ಕೂತಿರಲಿಲ್ಲ. 2016ರಲ್ಲಿ ಜಾಕ್ಸ್ ಜೋನ್ಸ್ ಎಂಬ ಡಿಜೆ ಜೊತೆ ಮಾಡಿದ 'ಯೂ ಡೋಂಟ್ ನೋ ಮೀ' ಬ್ರಿಟನ್ ಚಾರ್ಟ್‌ನಲ್ಲಿ (ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ) 3ನೇ ಸ್ಥಾನಕ್ಕೆ ಹೋಯಿತು. 2019ರಲ್ಲಿ ಬಿಯಾನ್ಸೆ ಹಾಡಿದ 'ಬಿಗ್ಗರ್' ಬರೆದವರಲ್ಲಿ ಈಕೆಯೂ ಒಬ್ಬಳು. ಆದರೆ ಆಕೆಯ ಸ್ವಂತ ಪೂರ್ಣ ಆಲ್ಬಮ್ ಮಾತ್ರ ಬರಲೇ ಇಲ್ಲ. ಯಾಕೆ?

ಉತ್ತರ ಆ ಎರಡು ಹಕ್ಕುಗಳಲ್ಲಿದೆ. ಪದ ಮತ್ತು ರಾಗ ಸೇರಿ ಹಾಡು. ಅದರ ಹಕ್ಕಿಗೆ ಪಬ್ಲಿಶಿಂಗ್ ಅನ್ನುತ್ತಾರೆ. ಅದು ಬರೆದವರದು. 'ಬಿಗ್ಗರ್'ನಲ್ಲಿ ದನಿ ಬಿಯಾನ್ಸೆಯದಾದರೂ ರೇಗೆ ಪಾಲು ಸಿಗುವುದು ಇದರಿಂದಲೇ. ಸ್ಟುಡಿಯೋದಲ್ಲಿ ಹಾಡಿ ಮುಗಿಸಿದ ರೆಕಾರ್ಡಿಂಗ್‌ಗೆ ಮಾಸ್ಟರ್ ಎಂದು ಹೆಸರು. ದೊಡ್ಡ ಲೇಬಲ್ ದುಡ್ಡು ಹಾಕಿದ್ದರೆ ಸಾಮಾನ್ಯವಾಗಿ ಮಾಸ್ಟರ್ ಅದರ ಕೈಯಲ್ಲಿರುತ್ತದೆ. ಲೇಬಲ್ ಕೊಡುವ ಅಡ್ವಾನ್ಸ್ ಬಹುಮಾನವಲ್ಲ. ಕಲಾವಿದರ ಪಾಲಿನಿಂದ ಅದನ್ನು ಮುರಿದುಕೊಳ್ಳುತ್ತಾರೆ. ಅದು ತೀರುವ ತನಕ ರಾಯಲ್ಟಿ, ಅಂದರೆ ಗಳಿಕೆಯ ಪಾಲು, ಕೈಗೆ ಬರುವುದಿಲ್ಲ. ಯಾವಾಗ ಬಿಡುಗಡೆ ಅನ್ನುವುದಕ್ಕೂ ಲೇಬಲ್ ಒಪ್ಪಬೇಕು. ಹಾಗಂತ ಬೇರೆ ಕಡೆ ಬಿಡುಗಡೆ ಮಾಡೋಣ ಅಂದರೆ ಒಪ್ಪಂದ ಬಿಡುವುದಿಲ್ಲ. ಹಾಡು ನಿಮ್ಮದೇ, ಆದರೂ ಡ್ರಾಯರ್‌ನಲ್ಲೇ ಬಿದ್ದಿರುತ್ತದೆ. 17ನೇ ವಯಸ್ಸಿನಲ್ಲಿ ಇದೆಲ್ಲ ಯಾರಿಗೆ ಹೊಳೆಯುತ್ತದೆ ಹೇಳಿ.

2021ರ ಜೂನ್ 29ರಂದು ರೇ ಟ್ವಿಟರ್‌ನಲ್ಲಿ ಎಲ್ಲವನ್ನೂ ಬಹಿರಂಗವಾಗಿ ಬರೆದಳು. 2014ರಿಂದ ನಾಲ್ಕು ಆಲ್ಬಮ್‌ಗಳ ಒಪ್ಪಂದದಲ್ಲಿದ್ದೇನೆ, ಒಂದನ್ನೂ ಬಿಡುಗಡೆ ಮಾಡಲು ಬಿಟ್ಟಿಲ್ಲ ಎಂಬುದು ಆಕೆಯ ದೂರು. ಮುಂದಿನ ತಿಂಗಳೇ ಆಕೆ ಮತ್ತು ಪಾಲಿಡಾರ್ ಬೇರೆಯಾದರು. ಆ ಟ್ವೀಟ್ ಹಾಕಲು ಎಷ್ಟು ಧೈರ್ಯ ಬೇಕು ಅನ್ನುವುದನ್ನು ನಾನು ಇವತ್ತಿಗೂ ಯೋಚಿಸುತ್ತೇನೆ.

ಆಮೇಲೆ ಆಕೆ ಸ್ವತಂತ್ರ ಕಲಾವಿದೆಯಾದಳು. ಸ್ವತಂತ್ರ ಅಂದರೆ ಒಂಟಿ ಅಂದುಕೊಳ್ಳಬೇಡಿ, ತಪ್ಪಾಗುತ್ತದೆ. ಮೈಕ್ ಸಬಾತ್ ಎಂಬ ಸಂಗೀತ ನಿರ್ಮಾಪಕ ಜೊತೆಗಿದ್ದರು. ಹಾಡುಗಳನ್ನು ಕೇಳುಗರಿಗೆ ಮುಟ್ಟಿಸಲು ಹ್ಯೂಮನ್ ರೀ ಸೋರ್ಸಸ್ ಎಂಬ ವಿತರಣಾ ಕಂಪನಿ ಇತ್ತು. ಇಂಥ ವಿತರಣೆಯ ಒಪ್ಪಂದದಲ್ಲಿ ಸಾಮಾನ್ಯವಾಗಿ ಕಂಪನಿ ತನ್ನ ಪಾಲು ತೆಗೆದುಕೊಳ್ಳುತ್ತದೆ, ಮಾಸ್ಟರ್ ಕಲಾವಿದರ ಬಳಿಯೇ ಉಳಿಯುತ್ತದೆ. ವ್ಯತ್ಯಾಸ ಗೊತ್ತಾಯಿತಲ್ವಾ?

2022ರ ಅಕ್ಟೋಬರ್‌ನಲ್ಲಿ ಅಮೆರಿಕದ ರ‍್ಯಾಪರ್ 070 ಶೇಕ್ ಜೊತೆಗಿನ 'ಎಸ್ಕೇಪಿಸಂ' ಬಂತು. ಸುಮಾರು ನಾಲ್ಕೂವರೆ ನಿಮಿಷದ, ಕುಡಿತ ಮತ್ತು ನೋವಿನ ಹಾಡು. ರೇಡಿಯೋ ಸುಲಭವಾಗಿ ಒಪ್ಪುವ ಸರಕಲ್ಲ. ಟಿಕ್‌ಟಾಕ್‌ನಲ್ಲಿ ಜನ ಅದರ ವೇಗ ಹೆಚ್ಚಿಸಿ ಹಂಚಿಕೊಂಡರು. 2023ರ ಜನವರಿಯಲ್ಲಿ ಬ್ರಿಟನ್ನಿನ ನಂಬರ್ 1 ಹಾಡಾಯಿತು. ಫೆಬ್ರವರಿ 3ಕ್ಕೆ ಮೊದಲ ಆಲ್ಬಮ್ 'ಮೈ 21ಸ್ಟ್ ಸೆಂಚುರಿ ಬ್ಲೂಸ್' ಹೊರಬಂದು ಚಾರ್ಟ್‌ನಲ್ಲಿ 2ನೇ ಸ್ಥಾನ ಪಡೆಯಿತು. ತನ್ನ ಮೇಲೆ ನಡೆದ ಲೈಂಗಿಕ ದೌರ್ಜನ್ಯದ ಬಗ್ಗೆಯೂ ಆಕೆ ಅದರಲ್ಲಿ ಹಾಡಿದ್ದಾಳೆ. ಒಂದೇ ಕೂತಲ್ಲಿ ಪೂರ್ತಿ ಕೇಳಿ ನೋಡಿ, ಬಿಡಿ ಹಾಡುಗಳಲ್ಲಿ ಸಿಗದ ಭಾರ ಅದರಲ್ಲಿದೆ.

2024ರ ಮಾರ್ಚ್ 2ರಂದು ಬ್ರಿಟನ್ನಿನ ಸಂಗೀತ ಪ್ರಶಸ್ತಿಯಾದ ಬ್ರಿಟ್ ಪ್ರಶಸ್ತಿ ಸಮಾರಂಭದಲ್ಲಿ ಆಕೆಗೆ ಆರು ಪ್ರಶಸ್ತಿ. ಅದಕ್ಕೂ ಮೊದಲು ಒಂದೇ ವರ್ಷದಲ್ಲಿ ಯಾರೂ ನಾಲ್ಕು ದಾಟಿರಲಿಲ್ಲ. ಆಲ್ಬಮ್ ಪ್ರಶಸ್ತಿ ಪಡೆಯುವಾಗ ಅಜ್ಜಿಯನ್ನೂ ವೇದಿಕೆಗೆ ಕರೆತಂದು ಅತ್ತುಬಿಟ್ಟಳು. ನಮ್ಮ ಪಾಠಕ್ಕೆ ಮುಖ್ಯವಾದದ್ದು ಇನ್ನೊಂದು ಪ್ರಶಸ್ತಿ: ವರ್ಷದ ಗೀತರಚನೆಕಾರರು. ಅದನ್ನು ಪಡೆದ ಮೊದಲ ಮಹಿಳೆ ರೇ. ಅದಕ್ಕೆ ಧನ್ಯವಾದ ಹೇಳುತ್ತಾ, ಅಲ್ಲೇ ಕೂತಿದ್ದ ಲೇಬಲ್ ಮುಖ್ಯಸ್ಥರ ಮುಂದೆ ಒಂದು ಬೇಡಿಕೆ ಇಟ್ಟಳು. ಹಾಡು ಬರೆದವರಿಗೆ ಪಬ್ಲಿಶಿಂಗ್ ಜೊತೆಗೆ ಮಾಸ್ಟರ್‌ನ ರಾಯಲ್ಟಿಯಲ್ಲೂ ಪಾಲು ಕೊಡುವುದು ರೂಢಿಯಾಗಲಿ ಎಂದು.