ಬ್ಯಾಕ್‌ಗ್ರೌಂಡ್ ತೆಗೆದ ಮೇಲೂ ಬಿಳಿ ಬಣ್ಣ ಯಾಕೆ ವಾಪಸ್ ಬರುತ್ತದೆ?

ಪ್ರಶ್ನೆ: ಒಂದು ಫೋಟೊದ ಬ್ಯಾಕ್‌ಗ್ರೌಂಡ್ ಅಳಿಸಿದೆ. ಎಡಿಟರ್‌ನಲ್ಲಿ ಖಾಲಿ ಜಾಗ ತೋರಿಸುವ ಬೂದು-ಬಿಳಿ ಚೌಕಳಿ ಚೆನ್ನಾಗಿಯೇ ಕಾಣಿಸುತ್ತಿತ್ತು. ಸೇವ್ ಮಾಡಿ ಪೋಸ್ಟರ್ ಮೇಲೆ ಇಟ್ಟರೆ ಸುತ್ತ ಮತ್ತೆ ಬಿಳಿ ಚೌಕ. ಇನ್ನೊಂದು ಸಲ ಚೌಕ ಹೋಯಿತು, ಆದರೆ ಅಂಚಿನಲ್ಲಿ ಬಿಳಿ ಗೆರೆ ಉಳಿಯಿತು. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಇವು ಎರಡು ಬೇರೆ ಬೇರೆ ತೊಂದರೆಗಳು. ಚೌಕದ ವಿಷಯ ಬೇಗ ಮುಗಿಯುತ್ತದೆ. ಅಂಚಿನ ಗೆರೆಗೆ ಸ್ವಲ್ಪ ಸಮಾಧಾನ ಬೇಕು.

ಮೊದಲು ನಿಮ್ಮ ಫೈಲ್ ಹೆಸರಿನ ಕೊನೆಯ ಮೂರ್ನಾಲ್ಕು ಅಕ್ಷರ ನೋಡಿ. ಅಲ್ಲಿ ಜೆಪಿಜಿ ಅಥವಾ ಜೆಪೆಗ್ ಅಂತ ಇದ್ದರೆ ಉತ್ತರ ಸಿಕ್ಕಂತೆ. ಜೆಪೆಗ್ ಫೈಲಿನಲ್ಲಿ ಬಣ್ಣ ಬರೆದಿಡಲು ಮಾತ್ರ ಜಾಗ ಇದೆ, ‘ಇಲ್ಲಿ ಏನೂ ಇಲ್ಲ’ ಅಂತ ಬರೆದಿಡಲು ಜಾಗವಿಲ್ಲ. ಹಾಗಾಗಿ ಸೇವ್ ಮಾಡುವಾಗ ಸಾಫ್ಟ್‌ವೇರ್ ಖಾಲಿ ಇರುವ ಕಡೆ ಏನಾದರೂ ಒಂದು ಬಣ್ಣ ತುಂಬಲೇಬೇಕು. ಸಾಮಾನ್ಯವಾಗಿ ಬಿಳಿ ತುಂಬುತ್ತದೆ, ಕೆಲವು ಆಪ್‌ಗಳಲ್ಲಿ ಕಪ್ಪು. ನೀವು ಅಳಿಸಿದ್ದು ಸರಿಯಾಗಿಯೇ ಇತ್ತು, ಅದನ್ನು ಹಿಡಿದಿಡುವ ಫೈಲ್ ಸಿಗಲಿಲ್ಲ ಅಷ್ಟೇ.

ಪಾರದರ್ಶಕತೆ ಅನ್ನೋದು ಕಂಪ್ಯೂಟರ್‌ಗೆ ಒಂದು ಸಂಖ್ಯೆ. ಪ್ರತಿ ಪಿಕ್ಸೆಲ್‌ಗೂ, ಅಂದರೆ ಚಿತ್ರದ ಪ್ರತಿ ಚಿಕ್ಕ ಚುಕ್ಕಿಗೂ, ಕೆಂಪು, ಹಸಿರು, ನೀಲಿ ಅಂತ ಮೂರು ಸಂಖ್ಯೆ ಇರುತ್ತದಲ್ವಾ? ಅದರ ಜೊತೆಗೆ ನಾಲ್ಕನೆಯದೊಂದು. ಅದನ್ನು ಆಲ್ಫಾ ಅನ್ನುತ್ತಾರೆ. ಆಲ್ಫಾ 0 ಆದರೆ ಪಿಕ್ಸೆಲ್ ಪೂರ್ತಿ ಕಾಣುವುದಿಲ್ಲ, 255 ಆದರೆ ಪೂರ್ತಿ ಕಾಣುತ್ತದೆ, 128 ಆದರೆ ಹೆಚ್ಚುಕಡಿಮೆ ಅರ್ಧ. 1970ರ ದಶಕದ ಕೊನೆಯಲ್ಲಿ ಎಡ್ ಕ್ಯಾಟ್ಮಲ್ ಮತ್ತು ಆಲ್ವಿ ರೇ ಸ್ಮಿತ್ ಎಂಬ ಕಂಪ್ಯೂಟರ್ ಗ್ರಾಫಿಕ್ಸ್ ತಜ್ಞರು ಈ ಉಪಾಯ ಹುಡುಕಿದರು. ಪಾರದರ್ಶಕತೆಯನ್ನು ಬಣ್ಣದ ಪಕ್ಕದಲ್ಲೇ ಬರೆದಿಟ್ಟುಬಿಟ್ಟರೆ ಒಂದು ಚಿತ್ರವನ್ನು ಯಾವ ಚಿತ್ರದ ಮೇಲೆ ಬೇಕಾದರೂ ಕೂರಿಸಬಹುದು. ಇಂದಿಗೂ ಎಲ್ಲ ಎಡಿಟರ್‌ಗಳೂ ನಡೆಯುವುದು ಇದರ ಮೇಲೆಯೇ.

ಈ ನಾಲ್ಕನೇ ಸಂಖ್ಯೆಯನ್ನು ಪೂರ್ತಿಯಾಗಿ ಉಳಿಸಿಕೊಳ್ಳುವ ಫೈಲ್ ಪಿಎನ್‌ಜಿ. 1996ರಲ್ಲಿ ಬಂದದ್ದು, ಈಗಲೂ ಈ ಕೆಲಸಕ್ಕೆ ಅದೇ ನಂಬಿಕಸ್ತ. ವೆಬ್‌ಪಿ ಕೂಡ ಉಳಿಸುತ್ತದೆ. ಜಿಫ್ ಅರೆಬರೆ: ಅದರಲ್ಲಿ ಒಂದು ಪಿಕ್ಸೆಲ್ ಪೂರ್ತಿ ಕಾಣಬೇಕು ಇಲ್ಲವೇ ಪೂರ್ತಿ ಮಾಯವಾಗಬೇಕು, ನಡುವೆ ಏನಿಲ್ಲ. ಅದಕ್ಕೇ ಜಿಫ್ ಚಿತ್ರಗಳ ಅಂಚು ಹಲ್ಲುಹಲ್ಲಾಗಿ ಕಾಣುವುದು.

ಇಲ್ಲೊಂದು ಮಾತು. ಜೆಪಿಜಿ ಫೈಲಿನ ಹೆಸರನ್ನು ಸುಮ್ನೆ ಪಿಎನ್‌ಜಿ ಅಂತ ಬದಲಿಸಿದರೆ ಏನೂ ಆಗುವುದಿಲ್ಲ. ಜೆಪಿಜಿ ತೆರೆದು ಪಿಎನ್‌ಜಿಯಾಗಿ ಸೇವ್ ಮಾಡಿದರೂ ಬಿಳಿ ಬಿಳಿಯಾಗಿಯೇ ಇರುತ್ತದೆ. ಅಳಿಸುವ ಕೆಲಸ ನೀವೇ ಮಾಡಬೇಕು. ಹಾಗೆಯೇ ಇಂಟರ್ನೆಟ್‌ನಿಂದ ಇಳಿಸಿಕೊಂಡ ಚಿತ್ರದಲ್ಲಿ ಚೌಕಳಿ ಕಂಡ ಮಾತ್ರಕ್ಕೆ ಅದು ಪಾರದರ್ಶಕ ಅಂತ ನಂಬಬೇಡಿ. ನಿಜವಾದ ಚೌಕಳಿ ಎಡಿಟರ್ ತೋರಿಸುವ ಗುರುತು, ಅದು ಫೈಲಿನೊಳಗೆ ಇರುವುದಿಲ್ಲ. ಎಷ್ಟೋ ಚಿತ್ರಗಳಲ್ಲಿ ಚೌಕಳಿಯನ್ನೇ ಬಣ್ಣವಾಗಿ ಬಳಿದಿರುತ್ತಾರೆ. ಎಡಿಟರ್‌ನಲ್ಲಿ ತೆರೆದು ಜೂಮ್ ಮಾಡಿ. ಚಿತ್ರದ ಜೊತೆ ಚೌಕಗಳೂ ದೊಡ್ಡದಾಗುತ್ತಾ ಹೋದರೆ ಅದು ಬಳಿದದ್ದು ಅಂತ ಅನುಮಾನಪಡಿ. ಖಚಿತ ಆಗಬೇಕಾದರೆ ಕೆಳಗೆ ಬೇರೆ ಬಣ್ಣದ ಲೇಯರ್ (ಒಂದರ ಮೇಲೊಂದು ಇಡುವ ಪದರ) ಇಟ್ಟು ನೋಡಿ.

ಅಳಿಸುವ ಮುಂಚೆ ಲೇಯರ್ ಅದಕ್ಕೆ ತಯಾರಿದೆಯಾ ನೋಡಬೇಕು. ಹೊಸಬರು ಜಾಸ್ತಿ ಎಡವುವುದು ಇಲ್ಲೇ. ಫೋಟೊಶಾಪ್‌ನಲ್ಲಿ ಜೆಪಿಜಿ ತೆರೆದರೆ ಲೇಯರ್‌ಗೆ ‘ಬ್ಯಾಕ್‌ಗ್ರೌಂಡ್’ ಅಂತ ಹೆಸರಿರುತ್ತದೆ, ಪಕ್ಕದಲ್ಲಿ ಬೀಗದ ಗುರುತು. ಆ ಬೀಗದ ಮೇಲೆ ಒತ್ತಿದರೆ ಅದು ‘ಲೇಯರ್ 0’ ಆಗುತ್ತದೆ. ಹಾಗೆ ಮಾಡದೆ ಎರೇಸರ್ ಎಳೆದರೆ ಚೌಕಳಿ ಬರುವುದಿಲ್ಲ, ಬಿಳಿ ಬಣ್ಣ ಬಳಿದ ಹಾಗಾಗುತ್ತದೆ. ಗಿಂಪ್ ಅನ್ನುವ ಉಚಿತ ಎಡಿಟರ್‌ನಲ್ಲಿ ಲೇಯರ್ ಮೇಲೆ ಬಲ ಕ್ಲಿಕ್ ಮಾಡಿ ‘ಆ್ಯಡ್ ಆಲ್ಫಾ ಚಾನೆಲ್’ ಆರಿಸಿ. ಲೇಯರ್ ಹೆಸರು ದಪ್ಪ ಅಕ್ಷರದಲ್ಲಿದ್ದರೆ ಇನ್ನೂ ಆಲ್ಫಾ ಸೇರಿಲ್ಲ ಅಂತ ಅರ್ಥ.

ಆಯ್ಕೆ ಮಾಡುವ ವಿಧಾನಗಳು ಬೇಕಾದಷ್ಟಿವೆ. ಫೋಟೊಶಾಪ್‌ನಲ್ಲಿ ‘ರಿಮೂವ್ ಬ್ಯಾಕ್‌ಗ್ರೌಂಡ್’ ಒಂದೇ ಕ್ಲಿಕ್ಕಿನಲ್ಲಿ ಬಹುಪಾಲು ಕೆಲಸ ಮುಗಿಸುತ್ತದೆ. ವಿಂಡೋಸ್ 11ರ ಪೇಂಟ್‌ನಲ್ಲೂ 2023ರಿಂದ ಇಂಥದ್ದೊಂದು ಬಟನ್ ಬಂದಿದೆ. ಯಾವುದನ್ನು ಬಳಸಿದರೂ ಸರಿ, ಸಾಧ್ಯವಿದ್ದ ಕಡೆ ನೇರವಾಗಿ ಡಿಲೀಟ್ ಒತ್ತಬೇಡಿ, ಲೇಯರ್ ಮಾಸ್ಕ್ ಹಾಕಿ. ಮಾಸ್ಕ್‌ನಲ್ಲಿ ಕಪ್ಪು ಬಳಿದ ಕಡೆ ಚಿತ್ರ ಮರೆಯಾಗುತ್ತದೆ, ಬಿಳಿ ಬಳಿದರೆ ವಾಪಸ್ ಬರುತ್ತದೆ. ಕಿವಿಯ ತುದಿ ತಪ್ಪಿ ಹೋಗಿದ್ದು ನಾಳೆ ಕಣ್ಣಿಗೆ ಬಿದ್ದರೂ ಸರಿಮಾಡಬಹುದು.

ಈಗ ಬಿಳಿ ಗೆರೆಗೆ ಬರೋಣ. ನನ್ನ ಪ್ರಕಾರ ಒಳ್ಳೆಯ ಕೆಲಸಕ್ಕೂ ಸಾಧಾರಣ ಕೆಲಸಕ್ಕೂ ಇರುವ ವ್ಯತ್ಯಾಸ ಪೂರ್ತಿ ಈ ಒಂದೆರಡು ಪಿಕ್ಸೆಲ್ ಅಗಲದ ಜಾಗದಲ್ಲಿದೆ.

ಬಿಳಿ ಹಾಳೆಯ ಮೇಲೆ ಒಂದು ಕಪ್ಪು ಅಕ್ಷರ ಇದೆ ಅಂದುಕೊಳ್ಳಿ. ಜೂಮ್ ಮಾಡಿ ಅಂಚನ್ನು ನೋಡಿ. ಒಳಗೆ ಕಪ್ಪು, ಅಂದರೆ ಬಣ್ಣದ ಸಂಖ್ಯೆ 0 (ಇದು ಆಲ್ಫಾ ಅಲ್ಲ). ಹೊರಗೆ ಬಿಳಿ, 255. ನಡುವೆ ಒಂದು ಸಾಲು ಬೂದು ಪಿಕ್ಸೆಲ್‌ಗಳು, 128ರ ಆಸುಪಾಸು. ಆ ಪಿಕ್ಸೆಲ್‌ನ ಅರ್ಧ ಜಾಗದಲ್ಲಿ ಅಕ್ಷರ, ಇನ್ನರ್ಧದಲ್ಲಿ ಹಾಳೆ. ಎರಡೂ ಬೆರೆತು ಬೂದು ಆಗಿದೆ. ಈಗ ಒಂದೇ ಥರದ ಬಣ್ಣವನ್ನು ಆಯ್ಕೆ ಮಾಡುವ ಮ್ಯಾಜಿಕ್ ವಾಂಡ್ ಹಿಡಿದು ಬಿಳಿಯ ಮೇಲೆ ಕ್ಲಿಕ್ ಮಾಡಿ. ಫೋಟೊಶಾಪ್‌ನಲ್ಲಿ ಅದರ ಟಾಲರೆನ್ಸ್ ಮೊದಲಿಗೆ 32 ಇರುತ್ತದೆ. ಬಿಳಿಗೆ ಅಷ್ಟು ಹತ್ತಿರ ಇರುವ ಪಿಕ್ಸೆಲ್‌ಗಳು ಮಾತ್ರ ಆಯ್ಕೆಯಾಗುತ್ತವೆ. 128ರ ಬೂದು ಹೊರಗೇ ಉಳಿಯುತ್ತದೆ. ಡಿಲೀಟ್ ಮಾಡಿದ ಮೇಲೂ ಅದು ಅಲ್ಲೇ ಇದೆ, ಅದೂ ಪೂರ್ತಿ ಗಟ್ಟಿಯಾಗಿ, ಆಲ್ಫಾ 255ರಲ್ಲಿ.

ಬಿಳಿ ಪೋಸ್ಟರ್ ಮೇಲೆ ಇಟ್ಟರೆ ಇದು ಗೊತ್ತೇ ಆಗುವುದಿಲ್ಲ. ಕಡುನೀಲಿ ಪೋಸ್ಟರ್ ಮೇಲೆ ಇಟ್ಟು ನೋಡಿ. ನೀಲಿ ಗಾಢ, ಅಕ್ಷರ ಅದಕ್ಕಿಂತ ಗಾಢ, ಎರಡರ ನಡುವೆ ಮಾತ್ರ ಹೊಳೆಯುವ ಬೂದು ಗೆರೆ. ನಿಮ್ಮನ್ನು ಕಾಡಿದ್ದು ಇದೇ ಗೆರೆ. ಅಲ್ಲಿ ಇರಬೇಕಾಗಿದ್ದು ‘ಬೂದು, ಪೂರ್ತಿ ಗಟ್ಟಿ’ ಅಲ್ಲ, ‘ಕಪ್ಪು, ಅರ್ಧ ಪಾರದರ್ಶಕ’. ಬಿಳಿಯ ಮೇಲೆ ಇವೆರಡೂ ಒಂದೇ ಥರ ಕಾಣುತ್ತವೆ. ಬೇರೆ ಬಣ್ಣದ ಮೇಲೆ ಇಟ್ಟಾಗ ಮಾತ್ರ ಬಣ್ಣ ಬಯಲಾಗುತ್ತದೆ.

ಹಾಗಾದರೆ ಟಾಲರೆನ್ಸ್ ಏರಿಸಿದರೆ? ಗೆರೆ ಹೋಗಬಹುದು, ಜೊತೆಗೆ ಅಂಚು ಒರಟಾಗುತ್ತದೆ, ಸಣ್ಣ ಅಕ್ಷರಗಳು ಸೊರಗುತ್ತವೆ. ಬಿಳಿ ಹಾಳೆಯ ಮೇಲಿನ ಕಪ್ಪು ಬರಹ, ಸಹಿ, ರೇಖಾಚಿತ್ರ ಇಂಥವುಗಳಿಗೆ ಗಿಂಪ್‌ನ ‘ಕಲರ್ ಟು ಆಲ್ಫಾ’ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಅದು ಪಿಕ್ಸೆಲ್‌ಗಳನ್ನು ‘ಬೇಕು, ಬೇಡ’ ಅಂತ ವಿಂಗಡಿಸುವುದಿಲ್ಲ. ಪ್ರತಿ ಪಿಕ್ಸೆಲ್‌ನಲ್ಲಿ ಬಿಳಿ ಎಷ್ಟು ಬೆರೆತಿದೆ ಅಂತ ಲೆಕ್ಕ ಹಾಕಿ, ಅಷ್ಟನ್ನು ಮಾತ್ರ ಹಿಂದಕ್ಕೆ ತೆಗೆಯುತ್ತದೆ. ನಮ್ಮ 128ರ ಬೂದು ಹೆಚ್ಚುಕಡಿಮೆ ಅರ್ಧ ಪಾರದರ್ಶಕ ಕಪ್ಪಾಗುತ್ತದೆ. ನಮಗೆ ಬೇಕಾಗಿದ್ದೂ ಅದೇ.

ಮೊಬೈಲಿನಲ್ಲಿ ತೆಗೆದ ಸಹಿಯ ಫೋಟೊ ಆದರೆ ಅದಕ್ಕೂ ಮುಂಚೆ ಇನ್ನೊಂದು ಹೆಜ್ಜೆ ಬೇಕು. ಕಣ್ಣಿಗೆ ಬಿಳಿಯಾಗಿ ಕಂಡರೂ ಫೋಟೊದಲ್ಲಿ ಹಾಳೆ ಬಿಳಿ ಇರುವುದಿಲ್ಲ. ಒಂದು ಮೂಲೆ ನೆರಳಾಗಿರುತ್ತದೆ, ಇನ್ನೊಂದು ಹಳದಿ ತಿರುಗಿರುತ್ತದೆ. ಬೆಳಕು-ಕತ್ತಲೆ ಹೊಂದಿಸುವ ‘ಲೆವೆಲ್ಸ್’ ತೆರೆದು ಬಲಗಡೆಯ ಬಿಳಿ ತ್ರಿಕೋನವನ್ನು ಎಡಕ್ಕೆ ಎಳೆಯಿರಿ, ಹಾಳೆ ಪೂರ್ತಿ ಬೆಳ್ಳಗಾಗುವವರೆಗೆ. ಕಪ್ಪು ತ್ರಿಕೋನವನ್ನು ಸ್ವಲ್ಪ ಬಲಕ್ಕೆ ಎಳೆದರೆ ಶಾಯಿ ಗಾಢವಾಗುತ್ತದೆ. ಆಮೇಲೆ ಕಲರ್ ಟು ಆಲ್ಫಾ. ಈ ಹೆಜ್ಜೆ ಬಿಟ್ಟರೆ ಸಹಿಯ ಸುತ್ತ ಮಸುಕು ಮಂಜಿನ ಥರ ಕೊಳೆ ಉಳಿಯುತ್ತದೆ.

ವ್ಯಕ್ತಿಗಳ ಫೋಟೊಗೆ ಮಾತ್ರ ಇದನ್ನು ಇಡೀ ಚಿತ್ರಕ್ಕೆ ಹಾಕಬೇಡಿ. ಕಣ್ಣಿನ ಬಿಳಿ, ಹಲ್ಲು, ಬಿಳಿ ಅಂಗಿ ಎಲ್ಲವೂ ತೂತಾಗುತ್ತವೆ. ಅಲ್ಲಿ ಮಾಸ್ಕ್ ಹಾಕಿ, ಅದನ್ನು ಒಂದು ಪಿಕ್ಸೆಲ್‌ನಷ್ಟು ಒಳಕ್ಕೆ ಸರಿಸಿ, ಅರ್ಧ ಪಿಕ್ಸೆಲ್‌ನಷ್ಟು ಮೃದು ಮಾಡಿ. ಕೂದಲಿಗೆ ಫೋಟೊಶಾಪ್‌ನ ‘ಸೆಲೆಕ್ಟ್ ಆ್ಯಂಡ್ ಮಾಸ್ಕ್’ ಒಳಗಿನ ‘ರಿಫೈನ್ ಎಡ್ಜ್’ ಬ್ರಷ್ ಇದೆ. ಅಲ್ಲೇ ‘ಡಿಕಂಟ್ಯಾಮಿನೇಟ್ ಕಲರ್ಸ್’ ಆನ್ ಮಾಡಿದರೆ ಕೂದಲಿಗೆ ಅಂಟಿದ ಹಳೆಯ ಬ್ಯಾಕ್‌ಗ್ರೌಂಡ್ ಬಣ್ಣವೂ ಕಡಿಮೆಯಾಗುತ್ತದೆ.

ಚೌಕಳಿಯ ಮೇಲೆ ಅಂಚನ್ನು ಪರೀಕ್ಷಿಸಬೇಡಿ. ಆ ಬೂದು-ಬಿಳಿ ಬಣ್ಣಗಳಲ್ಲಿ ಬಿಳಿ ಗೆರೆ ಸಲೀಸಾಗಿ ಅಡಗಿಕೊಳ್ಳುತ್ತದೆ. ಕೆಳಗೆ ಒಂದು ಲೇಯರ್ ಸೇರಿಸಿ ಗಾಢ ಬಣ್ಣ ತುಂಬಿ, 200 ಪರ್ಸೆಂಟ್‌ಗೆ ಜೂಮ್ ಮಾಡಿ ಸುತ್ತ ಒಂದು ಸಲ ಕಣ್ಣಾಡಿಸಿ. ಆಮೇಲೆ ತಿಳಿ ಬಣ್ಣದಲ್ಲೂ ನೋಡಿ. ಎರಡರಲ್ಲೂ ಚೆನ್ನಾಗಿ ಕಂಡರೆ ಕೆಲಸ ಸರಿಯಾಗಿದೆ. ಎಕ್ಸ್‌ಪೋರ್ಟ್ ಮಾಡುವ ಮುಂಚೆ ಆ ಬಣ್ಣದ ಲೇಯರ್ ಮರೆಮಾಡುವುದನ್ನು ಮರೆಯಬೇಡಿ.

ಎಕ್ಸ್‌ಪೋರ್ಟ್ ಹೊತ್ತಿನಲ್ಲಿ ಫೋಟೊಶಾಪ್ ಆದರೆ ‘ಎಕ್ಸ್‌ಪೋರ್ಟ್ ಆ್ಯಸ್’ಗೆ ಹೋಗಿ ಪಿಎನ್‌ಜಿ ಆರಿಸಿ, ‘ಟ್ರಾನ್ಸ್‌ಪರೆನ್ಸಿ’ ಟಿಕ್ ಆಗಿದೆಯಾ ನೋಡಿ. ಗಿಂಪ್‌ನಲ್ಲಿ ‘ಸೇವ್’ ಒತ್ತಿದರೆ ಅದರದ್ದೇ ಎಕ್ಸ್‌ಸಿಎಫ್ ಫೈಲ್ ಆಗುತ್ತದೆ. ಪಿಎನ್‌ಜಿಗೆ ‘ಎಕ್ಸ್‌ಪೋರ್ಟ್ ಆ್ಯಸ್’ ಬಳಸಬೇಕು. ಎಕ್ಸ್‌ಸಿಎಫ್ ಅಥವಾ ಫೋಟೊಶಾಪ್‌ನ ಪಿಎಸ್‌ಡಿ ಫೈಲನ್ನೂ ಇಟ್ಟುಕೊಳ್ಳಿ. ಮುಂದೆ ತಿದ್ದಬೇಕಾದರೆ ಲೇಯರ್, ಮಾಸ್ಕ್ ಎಲ್ಲ ಅದರಲ್ಲೇ ಇರುತ್ತವೆ.

ಇಷ್ಟಾದ ಮೇಲೂ ಬಿಳಿ ಬಂತು ಅನ್ನುವವರು ಫೈಲ್ ಹೇಗೆ ಕಳಿಸಿದಿರಿ ಅಂತ ನೋಡಿ. ಮೆಸೇಜ್ ಆಪ್‌ಗಳಲ್ಲಿ ಫೋಟೊ ಅಂತ ಕಳಿಸಿದರೆ ಸಾಮಾನ್ಯವಾಗಿ ಗಾತ್ರ ಇಳಿಸಲು ಅದನ್ನು ಜೆಪೆಗ್ ಮಾಡಿಬಿಡುತ್ತವೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಫೈಲ್ ಇದ್ದ ಹಾಗೇ ತಲುಪುತ್ತದೆ. ಗ್ಯಾಲರಿಯಲ್ಲಿ ತೆರೆದಾಗ ಹಿಂದೆ ಕಪ್ಪು ಕಂಡರೆ ಗಾಬರಿ ಬೇಡ. ಅದು ಗ್ಯಾಲರಿಯ ಬಣ್ಣ, ಪಾರದರ್ಶಕ ಜಾಗದಿಂದ ಕಾಣುತ್ತಿದೆ.

ಕೊನೆಯದಾಗಿ, ಕೆಲವರಿಗಷ್ಟೇ ಗೊತ್ತಿರುವ ಒಂದು ವಿಷಯ. ಆಲ್ಫಾ 0 ಆದ ಪಿಕ್ಸೆಲ್‌ನ ಬಣ್ಣ ಕಾಣುವುದಿಲ್ಲ, ಆದರೆ ಆ ಮೂರು ಬಣ್ಣದ ಸಂಖ್ಯೆಗಳು ಫೈಲಿನಲ್ಲಿ ಉಳಿದಿರಬಹುದು. ಗಿಂಪ್‌ನಲ್ಲಿ ಪಿಎನ್‌ಜಿ ಎಕ್ಸ್‌ಪೋರ್ಟ್ ಮಾಡುವಾಗ ‘ಸೇವ್ ಕಲರ್ ವ್ಯಾಲ್ಯೂಸ್ ಫ್ರಮ್ ಟ್ರಾನ್ಸ್‌ಪರೆಂಟ್ ಪಿಕ್ಸೆಲ್ಸ್’ ಅಂತ ಒಂದು ಆಯ್ಕೆ ಇರುತ್ತದೆ. ಅದು ಆನ್ ಇದ್ದರೆ, ಆಲ್ಫಾವನ್ನು ಮತ್ತೆ 255 ಮಾಡಿದವರಿಗೆ ನೀವು ಅಳಿಸಿದ ಬ್ಯಾಕ್‌ಗ್ರೌಂಡ್ ಪೂರ್ತಿ ಕಾಣಬಹುದು. ಸುಂದರವಾಗಿರಲಿ ಅಂತ ಅಳಿಸಿದ್ದರೆ ತೊಂದರೆಯಿಲ್ಲ. ಆದರೆ ಹಿಂದೆ ನಿಂತಿದ್ದ ಮಗುವಿನ ಮುಖವನ್ನೋ, ಮೇಜಿನ ಮೇಲಿದ್ದ ಕಾಗದಪತ್ರವನ್ನೋ ಯಾರೂ ನೋಡಬಾರದು ಅಂತ ಅಳಿಸಿದ್ದರೆ ಆ ಟಿಕ್ ತೆಗೆದು ಎಕ್ಸ್‌ಪೋರ್ಟ್ ಮಾಡಿ.