ತಂದೆಗೆ ಒಂದು, ತಾಯಿಗೆ ಹತ್ತು: ಜಪಮಾಲೆಯ ಲೆಕ್ಕ ಹೀಗೇಕೆ?

ಪ್ರಶ್ನೆ: ನಾವು ಧಾರವಾಡದ ಕಡೆಯವರು. ಮಡಗಾಂವಿನಲ್ಲಿ ಒಂದು ಕ್ಯಾಥೋಲಿಕ್ ಕುಟುಂಬದ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೇವೆ. ಅವರ ಮನೆಗೆ ‘ಸಾಯ್ಬಿಣ್’ ಬಂದಾಗ, ಅಂದರೆ ಮರಿಯಮ್ಮನ ಪ್ರತಿಮೆಯನ್ನು ವಾಡೆಯ (ಕೇರಿಯ) ಮನೆಮನೆಗೆ ಕೊಂಡೊಯ್ಯುವ ದಿನಗಳಲ್ಲಿ, ನಮ್ಮನ್ನೂ ಕರೆದಿದ್ದರು. ಜಪಮಾಲೆ ಹೇಳುವಾಗ ಕುತೂಹಲದಿಂದ ಎಣಿಸಿದೆ: ದೇವರಿಗೆ ಒಂದು ಪ್ರಾರ್ಥನೆಯಾದರೆ ಮರಿಯಮ್ಮನಿಗೆ ಹತ್ತು. ಹಾಗಾದರೆ ಕ್ಯಾಥೋಲಿಕರಿಗೆ ಮರಿಯಮ್ಮನೇ ದೊಡ್ಡ ದೇವರೇ?

ಉತ್ತರ: ತಮ್ಮ ಎಣಿಕೆಯಲ್ಲಿ ತಪ್ಪಿಲ್ಲ. ಶಿಲುಬೆ ತೂಗುವ ಕಿರುಸರವನ್ನೂ ಸೇರಿಸಿಕೊಂಡರೆ ಒಂದು ಸುತ್ತಿನಲ್ಲಿ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂಬ ಪ್ರಾರ್ಥನೆ 6 ಸಲವೂ ‘ನಮೋ ಮರಿಯಾ’ 53 ಸಲವೂ ಬರುತ್ತದೆ. ಆದರೂ ಪ್ರಶ್ನೆಗೆ ಉತ್ತರ ‘ಅಲ್ಲ’ ಎಂಬುದೇ. ಸಂಶಯದ ಅರ್ಧ ಮೂಲ ನಮ್ಮ ಭಾಷೆಯಲ್ಲೇ ಇದೆಯೆಂದು ನನಗನ್ನಿಸುತ್ತದೆ. ಕನ್ನಡದಲ್ಲಿ ಜಪವೆಂದರೆ ಇಷ್ಟದೈವದ ನಾಮವನ್ನು ಮತ್ತೆ ಮತ್ತೆ ನೆನೆಯುವುದು. ಯಾರ ಹೆಸರು ಹೆಚ್ಚು ಸಲ ನಾಲಗೆಯ ಮೇಲೆ ಬರುತ್ತದೆಯೋ ಅವರೇ ಆರಾಧ್ಯರೆಂದು ತಿಳಿಯುವುದು ಸಹಜ. ತಮ್ಮ ಮನೆಯೊಡೆಯರಾದರೋ ಇದನ್ನು ‘ತೇರ್ಸ್’ ಎನ್ನುತ್ತಾರೆ. ಪೋರ್ಚುಗೀಸಿನಿಂದ ಕೊಂಕಣಿಗೆ ಬಂದ ಆ ಪದಕ್ಕೆ ಮೂರರಲ್ಲಿ ಒಂದು ಪಾಲು ಎಂದಷ್ಟೇ ಅರ್ಥ. ಅದರಲ್ಲಿ ಭಕ್ತಿಯ ಸುಳಿವಿಲ್ಲ, ಬರಿಯ ಲೆಕ್ಕವಿದೆ.

ಯಾವುದರ ಮೂರನೆಯ ಪಾಲು? ಬೈಬಲಿನಲ್ಲಿ 150 ಕೀರ್ತನೆಗಳಿವೆ. ಮಧ್ಯಯುಗದ ಯುರೋಪಿನ ಮಠಗಳಲ್ಲಿ ಸನ್ಯಾಸಿಗಳು ಅವನ್ನು ಲ್ಯಾಟಿನ್ ಭಾಷೆಯಲ್ಲಿ ಹಾಡುತ್ತಿದ್ದರು. ಓದುಬರಹವಿಲ್ಲದವರಿಗೆ ಅದು ಸಾಧ್ಯವಿರಲಿಲ್ಲವಾದ್ದರಿಂದ ಅವರು ಕೀರ್ತನೆಗೊಂದರಂತೆ ತಮಗೆ ಬಾಯಿಪಾಠವಿದ್ದ ಪ್ರಾರ್ಥನೆಯನ್ನು, ಮೊದಲು ‘ಪರಲೋಕದ ತಂದೆ’ಯನ್ನು, ಬರಬರುತ್ತ ‘ನಮೋ ಮರಿಯಾ’ವನ್ನು, ದಾರದ ಗಂಟು ಅಥವಾ ಮಣಿಗಳ ಮೇಲೆ ಎಣಿಸತೊಡಗಿದರು. 150ನ್ನು ಮೂರು ಪಾಲು ಮಾಡಿದಾಗ 50 ಉಳಿಯಿತು, ಅದೇ ತೇರ್ಸ್. ಸಂತ ದೊಮಿನಿಕರಿಗೆ ಜಪಮಾಲೆಯನ್ನು ಮರಿಯಮ್ಮನವರೇ ಕೊಟ್ಟರೆಂಬ ಪ್ರಸಿದ್ಧ ಐತಿಹ್ಯವೂ ಇದೆ, ಆದರೆ ಇತಿಹಾಸಕಾರರು ಕಾಣುವುದು ಹೀಗೆ ಶತಮಾನಗಳಲ್ಲಿ ನಿಧಾನವಾಗಿ ಬೆಳೆದ ಒಂದು ರೂಢಿಯನ್ನು. 2002ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರು ಇನ್ನೂ ಐದು ಧ್ಯಾನಪ್ರಸಂಗಗಳನ್ನು, ಒಂದೊಂದಕ್ಕೆ ಹತ್ತು ‘ನಮೋ ಮರಿಯಾ’ದಂತೆ, ಸೇರಿಸಿದ ಮೇಲೆ ಒಟ್ಟು 200 ಆಯಿತು. ಮೂರನೆಯ ಪಾಲು ನಾಲ್ಕನೆಯದಾದರೂ ಗೋವೆಯ ಅಜ್ಜಿಯರು ಹೆಸರು ಬದಲಿಸುವ ಗೋಜಿಗೆ ಹೋಗಿಲ್ಲ.

ಇನ್ನು ಆ ಹತ್ತು ಮಣಿಗಳ ಮೇಲೆ ಹೇಳುವ ಮಾತುಗಳನ್ನು ನೋಡೋಣ. ಮುಂದಾಳು ಹೇಳುವ ಮೊದಲರ್ಧ ಲೂಕನ ಶುಭಸಂದೇಶದ ಮೊದಲನೆಯ ಅಧ್ಯಾಯದಿಂದ ಬಂದದ್ದು: ದೇವದೂತ ಗಬ್ರಿಯೇಲ್ ನಜರೇತಿನ ಕನ್ಯೆಗೆ ಹೇಳಿದ ವಂದನೆ, ಅದರ ಬೆನ್ನಿಗೆ ಬಂಧುವಾದ ಎಲಿಜಬೇತಮ್ಮ ಆಕೆಯನ್ನು ಕಂಡೊಡನೆ ನುಡಿದ ಹರಸುವ ಮಾತು. ಆ ಭಾಗ ಮುಗಿಯುವುದು ಯೇಸುವಿನ ಹೆಸರಿನಲ್ಲಿ. ಉಳಿದವರು ಒಟ್ಟಾಗಿ ಹೇಳುವ ಉತ್ತರಾರ್ಧ ಈಗಿನ ರೂಪದಲ್ಲಿ 1568ರ ರೋಮನ್ ಪ್ರಾರ್ಥನಾ ಗ್ರಂಥದಲ್ಲಿ ನೆಲೆನಿಂತಿತು, ಮತ್ತು ಅದರಲ್ಲಿರುವ ಬೇಡಿಕೆ ಒಂದೇ: ಪಾಪಿಗಳಾದ ನಮಗಾಗಿ ಈಗಲೂ ನಮ್ಮ ಮರಣದ ಗಳಿಗೆಯಲ್ಲೂ ಪ್ರಾರ್ಥಿಸಿರಿ. ಕಾಪಾಡು, ಕ್ಷಮಿಸು, ಮೋಕ್ಷ ಕೊಡು ಎಂಬ ಮಾತು ಅಲ್ಲಿ ಎಲ್ಲಿಯೂ ಇಲ್ಲ. ತಾನೇ ದೇವರಾಗಿರುವವರನ್ನು ‘ನಮ್ಮ ಪರವಾಗಿ ಪ್ರಾರ್ಥಿಸಿರಿ’ ಎಂದು ಯಾರೂ ಕೇಳಿಕೊಳ್ಳುವುದಿಲ್ಲವಲ್ಲ. ‘ದೇವಮಾತೆ’ ಎಂಬ ಸಂಬೋಧನೆಯೂ ಇದಕ್ಕೆ ವಿರುದ್ಧವಲ್ಲ. 431ರಲ್ಲಿ ಎಫೆಸದಲ್ಲಿ ಸೇರಿದ ಧರ್ಮಾಧ್ಯಕ್ಷರ ಮಹಾಸಭೆ ಆ ಬಿರುದನ್ನು ಎತ್ತಿಹಿಡಿದದ್ದು ತಾಯಿಯನ್ನು ದೇವರಾಗಿಸುವುದಕ್ಕಲ್ಲ, ಆಕೆಯಲ್ಲಿ ಹುಟ್ಟಿದವರು ದೇವರೇ ಎಂದು ಸಾರುವುದಕ್ಕೆ.

ಹಾಗಿದ್ದರೂ ಹತ್ತು ಸಲ ಏಕೆ? ಧಾರವಾಡದವರಾದ ತಮಗೆ ಇದನ್ನು ತಂಬೂರಿಯ ಮೂಲಕ ಹೇಳುವುದು ಸುಲಭ. ಕಛೇರಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಮಿಡಿಯುವುದು ತಂಬೂರಿಯ ತಂತಿ, ಆದರೆ ನಾವು ಕೇಳಲು ಹೋಗಿರುವುದು ರಾಗವನ್ನು. ಶ್ರುತಿಯಿಲ್ಲದೆ ರಾಗ ನಿಲ್ಲದು, ಹಾಗೆಂದು ಶ್ರುತಿಯೇ ರಾಗವಲ್ಲ. ಜಪಮಾಲೆಯಲ್ಲಿ ‘ನಮೋ ಮರಿಯಾ’ ಆ ಶ್ರುತಿ. ಪ್ರತಿ ಹತ್ತರ ಮೊದಲು ಮುಂದಾಳು ಒಂದು ‘ರಹಸ್ಯ’ವನ್ನು, ಎಂದರೆ ಯೇಸುವಿನ ಅಥವಾ ಅವರ ತಾಯಿಯ ಬದುಕಿನ ಒಂದು ಪ್ರಸಂಗವನ್ನು, ಘೋಷಿಸುತ್ತಾರೆ, ಬಾಯಿ ಹತ್ತು ಸಲ ಅದೇ ಮಾತನ್ನು ಹೇಳುತ್ತಿರುವಷ್ಟು ಹೊತ್ತು ಮನಸ್ಸು ಆ ಪ್ರಸಂಗದಲ್ಲಿ ನೆಲೆಸಿರಬೇಕೆಂಬುದು ನಿಯಮ. ಈ ಧ್ಯಾನವಿಲ್ಲದ ಜಪಮಾಲೆ ಆತ್ಮವಿಲ್ಲದ ದೇಹವೆಂದು ಪೋಪ್ ಆರನೆಯ ಪಾಲ್ 1974ರಲ್ಲಿ ಬರೆದರು. ದಿನವೂ ಅರ್ಧ ನಿದ್ದೆಯಲ್ಲಿ ಮಣಿ ಸರಿಸುವ ನನ್ನಂಥವರಿಗೆ ಆ ಮಾತು ಸ್ವಲ್ಪ ಚುಚ್ಚುತ್ತದೆ.

ತಾವು ಅಂದು ಕೊನೆಯವರೆಗೆ ಕುಳಿತಿದ್ದರೆ, ಬೇಯಿಸಿದ ಕಡಲೆ ಹಂಚುವ ಮೊದಲು, ‘ಲದೀನ್’ ಹಾಡಿದ್ದನ್ನೂ ಕೇಳಿರಬಹುದು. ಗೋವೆಯ ವಾಡೆಗಳಲ್ಲಿ ಅದನ್ನು ಹಳೆಯ ರೂಢಿಯಂತೆ ಲ್ಯಾಟಿನ್‌ನಲ್ಲಿ, ಅನುಕೂಲವಿದ್ದರೆ ಪಿಟೀಲಿನ ಜೊತೆಗೆ, ಹಾಡುವುದುಂಟು. ಕೇಳುವವರಿಗೆ ಅದೊಂದು ಸಹಸ್ರನಾಮದಂತೆ ತೋರುತ್ತದೆ. ಮರಿಯಮ್ಮನಿಗೆ ನ್ಯಾಯದ ದರ್ಪಣ, ಮುಂಜಾನೆಯ ನಕ್ಷತ್ರ, ರೋಗಿಗಳ ಆರೋಗ್ಯ ಮುಂತಾಗಿ ಸಾಲುಸಾಲು ಬಿರುದುಗಳು. ಆದರೆ ಕಿವಿಗೊಡಬೇಕಾದದ್ದು ಬಿರುದುಗಳಿಗಲ್ಲ, ಜನರ ಮಾರುತ್ತರಕ್ಕೆ. ಆರಂಭದಲ್ಲಿ ಪಿತ, ಸುತ, ಪವಿತ್ರಾತ್ಮರನ್ನು ಕರೆದಾಗ ಜನ ‘ಮಿಸೆರೇರೆ ನೋಬಿಸ್’, ನಮ್ಮ ಮೇಲೆ ಕರುಣೆಯಿಡಿ, ಎನ್ನುತ್ತಾರೆ. ಮರಿಯಮ್ಮನ ಹೆಸರು ಬಂದ ಕ್ಷಣದಿಂದ ಅದು ‘ಓರಾ ಪ್ರೊ ನೋಬಿಸ್’, ನಮಗಾಗಿ ಪ್ರಾರ್ಥಿಸಿರಿ, ಎಂದು ಬದಲಾಗುತ್ತದೆ. ಬಿರುದು ಎಷ್ಟೇ ದೊಡ್ಡದಾದರೂ ಉತ್ತರ ಮತ್ತೆ ಮೊದಲಿನದಕ್ಕೆ ಏರುವುದಿಲ್ಲ. ದೇವರಿಗೆ ಮಾತ್ರ ಸಲ್ಲುವ ಆರಾಧನೆ ಬೇರೆ, ಸಂತರಿಗೆ ಸಲ್ಲುವ ಗೌರವ ಬೇರೆ, ಮರಿಯಮ್ಮನಿಗೆ ಸಲ್ಲುವುದು ಆ ಗೌರವದ ಅತಿ ಹೆಚ್ಚಿನ ಮಟ್ಟ ಎಂದು ದೇವಶಾಸ್ತ್ರಜ್ಞರು ಮಾಡುವ ವಿಂಗಡಣೆಯನ್ನು ಲ್ಯಾಟಿನ್ ಅರಿಯದ ಹಳ್ಳಿಯ ಕೊರಳುಗಳು ಹೀಗೆ ಎರಡೇ ನುಡಿಗಟ್ಟುಗಳಲ್ಲಿ ಕಾಪಾಡಿಕೊಂಡು ಬಂದಿವೆ.

ಈ ಗೆರೆಯನ್ನು ಯಾರೂ ದಾಟುವುದೇ ಇಲ್ಲವೆಂದರೆ ಅದು ಸುಳ್ಳಾದೀತು. ಮುಂಬೈಯ ಬಾಂದ್ರಾದಲ್ಲಿ ಸೆಪ್ಟೆಂಬರಿನ ಮೌಂಟ್ ಮೇರಿ ಜಾತ್ರೆಗೆ ಮೇಣದ ಕೈ, ಮೇಣದ ಕಾಲು, ಮೇಣದ ಮನೆ ಹಿಡಿದು ಹರಕೆ ತೀರಿಸಲು ಬರುವವರಲ್ಲಿ ಎಲ್ಲ ಧರ್ಮದವರೂ ಇರುತ್ತಾರೆ, ಅವರ ಮನಸ್ಸಿನಲ್ಲಿ ಬೇಡುವುದೆಲ್ಲಿ ಮುಗಿದು ಆರಾಧಿಸುವುದೆಲ್ಲಿ ಶುರುವಾಗುತ್ತದೆಂದು ಹೊರಗಿನಿಂದ ಹೇಳಲಾಗದು. ಇದು ಇಂದಿನ ಪೇಚಾಟವೂ ಅಲ್ಲ. ನಾಲ್ಕನೆಯ ಶತಮಾನದಲ್ಲಿಯೇ ಮರಿಯಮ್ಮನ ಹೆಸರಿನಲ್ಲಿ ರೊಟ್ಟಿಯ ನೈವೇದ್ಯ ಅರ್ಪಿಸುತ್ತಿದ್ದ ಒಂದು ಗುಂಪನ್ನು ಧರ್ಮಾಧ್ಯಕ್ಷರಾಗಿದ್ದ ಸಂತ ಎಪಿಫಾನಿಯಸ್ ಕಟುವಾಗಿ ಖಂಡಿಸಿದರು. ಮರಿಯಮ್ಮನಿಗೆ ಗೌರವವಿರಲಿ, ಆರಾಧನೆ ದೇವರಿಗೇ ಸಲ್ಲಲಿ ಎಂಬುದು ಅವರ ವಾದ. ಆಕೆಯ ಹಬ್ಬದ ದಿನವೂ ಚರ್ಚಿನಲ್ಲಿ ಬಲಿಪೂಜೆ, ಅಂದರೆ ರೊಟ್ಟಿ-ದ್ರಾಕ್ಷಾರಸದ ‘ಮಾಸ್’, ಅರ್ಪಿತವಾಗುವುದು ದೇವರಿಗೇ ಹೊರತು ಆಕೆಗಲ್ಲ. ಜಪಮಾಲೆಯಾದರೋ ಕಡ್ಡಾಯವೂ ಅಲ್ಲ. ಅದನ್ನು ಹೇಳದ ಕ್ಯಾಥೋಲಿಕನು ಭಾನುವಾರದ ಪೂಜೆ ತಪ್ಪಿಸಿದವನಂತೆ ದೋಷಿಯಾಗುವುದಿಲ್ಲ.

ಮುಂದಿನ ಸಲ ಕರೆ ಬಂದಾಗ ಮಣಿಗಳ ಬದಲು ರಹಸ್ಯಗಳನ್ನು ಎಣಿಸಿ ನೋಡಬಹುದು. ಒಟ್ಟು 20ರಲ್ಲಿ ಮರಿಯಮ್ಮನನ್ನೇ ಕುರಿತವು ಮಹಿಮೆಯ ರಹಸ್ಯಗಳ ಕೊನೆಯ ಎರಡು, ಅವರ ಸ್ವರ್ಗಾರೋಹಣ ಮತ್ತು ಕಿರೀಟಧಾರಣೆ. ಅವು ಬುಧವಾರ ಮತ್ತು ಭಾನುವಾರ ಬರುತ್ತವೆ. ಮಂಗಳವಾರ ಅಥವಾ ಶುಕ್ರವಾರ ಹೋದರೆ ತೋಟದ ಯಾತನೆ, ಕೊರಡೆಯ ಹೊಡೆತ, ಮುಳ್ಳಿನ ಕಿರೀಟ, ಶಿಲುಬೆಯ ಹಾದಿ, ಶಿಲುಬೆಯ ಮರಣ ಎಂಬ ಐದು ಘೋಷಣೆಗಳು ಕೇಳುತ್ತವೆ, ಮರಿಯಮ್ಮನ ಹೆಸರು ಅವುಗಳಲ್ಲಿ ಒಂದರಲ್ಲೂ ಇಲ್ಲ.