ಮೀನಿನ ಮಾಂಸ ಬಿಟ್ಟು ಪಿತ್ತವನ್ನೇ ಯಾಕೆ ಪರೀಕ್ಷೆ ಮಾಡುತ್ತಾರೆ?

ಪ್ರಶ್ನೆ: ನೀರಿಗೆ ಎಣ್ಣೆ ಸೇರಿದಾಗ ಮೀನಿನ ಪಿತ್ತ ತೆಗೆದು ಪರೀಕ್ಷೆ ಮಾಡುತ್ತಾರಂತೆ. ನಾವು ತಿನ್ನೋದು ಮಾಂಸ ತಾನೇ? ಅದನ್ನೇ ನೋಡಬಹುದಲ್ವಾ?

ಉತ್ತರ: ಮಾಂಸವನ್ನೂ ನೋಡುತ್ತಾರೆ. ಆದರೆ ಮಾಂಸದಲ್ಲಿ ಏನೂ ಸಿಗಲಿಲ್ಲ ಅಂದರೆ ನೀರು ಶುದ್ಧವಾಗಿದೆ ಎಂದು ಅರ್ಥವಲ್ಲ.

ಮೀನು ಹೆಚ್ಚುವವರಿಗೆ ಪಿತ್ತದ ಚೀಲ ಚೆನ್ನಾಗಿ ಗೊತ್ತು. ಪಿತ್ತಜನಕಾಂಗಕ್ಕೆ ಅಂಟಿಕೊಂಡ, ಹಸಿರು ಬಣ್ಣದ ಪುಟ್ಟ ಚೀಲ. ಒಡೆದರೆ ಮೀನೆಲ್ಲಾ ಕಹಿ. ಪರೀಕ್ಷೆಗೆ ಬೇಕಾಗುವುದು ಅದರೊಳಗಿನ ಕೆಲವು ಹನಿ ಮಾತ್ರ. ಸೂಜಿಯಿಂದ ಎಳೆದು, ಬೆಳಕು ತಾಗದ ಹಾಗೆ ಬಣ್ಣದ ಸೀಸೆಯಲ್ಲಿ ಹಾಕಿ, ತಕ್ಷಣ ಹೆಪ್ಪುಗಟ್ಟಿಸುತ್ತಾರೆ.

ಕಚ್ಚಾ ಎಣ್ಣೆ, ಟಾರು, ಹೊಗೆಯ ಮಸಿ, ಇವುಗಳಲ್ಲೆಲ್ಲಾ ಪಿಎಎಚ್ ಎಂಬ ರಾಸಾಯನಿಕಗಳ ಗುಂಪಿದೆ. ಅವು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಕಿವಿರಿನಿಂದಲೋ ತಿಂದ ಹುಳುವಿನಿಂದಲೋ ಒಳಗೆ ಬಂದ ಪಿಎಎಚ್ ಅನ್ನು ಮೀನಿನ ಪಿತ್ತಜನಕಾಂಗ ಸುಮ್ನೆ ಬಿಡುವುದಿಲ್ಲ. ಕಿಣ್ವಗಳಿಂದ ಅದರ ರೂಪ ಬದಲಿಸಿ, ನೀರಿನಲ್ಲಿ ಕರಗುವಂತೆ ಮಾಡಿ, ಪಿತ್ತಕ್ಕೆ ದಾಟಿಸುತ್ತದೆ. ಹಾಗಾಗಿ ಮಾಂಸದಲ್ಲಿ ಉಳಿಯುವುದು ತೀರಾ ಕಡಿಮೆ, ಪಿತ್ತದಲ್ಲಿ ಸೇರುವುದು ಜಾಸ್ತಿ. 1989ರಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನ ಎಣ್ಣೆ ಸೋರಿದ ಮೇಲೆ ಆ ಭಾಗದ ಮೀನುಗಳಲ್ಲಿ ಕಂಡದ್ದೂ ಇದೇ.

ಇನ್ನೊಂದು ಅನುಕೂಲವಿದೆ. ಈ ಬದಲಾದ ರೂಪಗಳು ಕಣ್ಣಿಗೆ ಕಾಣದ ನೇರಳಾತೀತ ಬೆಳಕಿಗೆ ಹೊಳೆಯುತ್ತವೆ. ಹಗುರ ಪಿಎಎಚ್ ಆದ ನಾಫ್ತಲೀನ್ ಜಾತಿಯವಕ್ಕೆ 290 ನ್ಯಾನೋಮೀಟರ್ ಅಲೆಯುದ್ದದ ಬೆಳಕು ಬಿಟ್ಟರೆ 335ರಲ್ಲಿ ಹೊಳಪು ಬರುತ್ತದೆ. ಸುಟ್ಟ ಮಸಿಯಲ್ಲಿ ಸಿಗುವ ಭಾರದ ಪಿಎಎಚ್ ಆದ ಬೆಂಜೊಪೈರೀನ್ ಜಾತಿಯವಕ್ಕೆ 380 ಬಿಟ್ಟರೆ 430ರಲ್ಲಿ. ಹೊಳಪು ನೋಡಿಯೇ ಹಗುರ ಎಣ್ಣೆಯ ಅಂಶ ಹೆಚ್ಚೋ, ಸುಟ್ಟ ಮಸಿಯಂಥದ್ದು ಹೆಚ್ಚೋ ಎಂದು ಅಂದಾಜು ಮಾಡಬಹುದು.

ಆದರೆ ಎಚ್ಚರ ಬೇಕು. ಮೀನು ಊಟ ಮಾಡಿದಾಗ ಪಿತ್ತ ಕರುಳಿಗೆ ಹರಿದು ಚೀಲ ಖಾಲಿಯಾಗುತ್ತದೆ. ಹಸಿದಿದ್ದರೆ ಪಿತ್ತ ಅಲ್ಲೇ ನಿಂತು ಗಟ್ಟಿಯಾಗಿ, ಕಡು ಬಣ್ಣಕ್ಕೆ ತಿರುಗುತ್ತದೆ. ಒಂದೇ ನೀರಿನ ಎರಡು ಮೀನಿಗೆ ಎರಡು ಅಂಕಿ ಬರುವುದು ಇದರಿಂದಲೇ. ಅದಕ್ಕೇ ಪಿತ್ತದ ಹಸಿರು ಬಣ್ಣವನ್ನೋ ಪ್ರೋಟೀನನ್ನೋ ಅಳೆದು ಲೆಕ್ಕ ಸರಿಮಾಡುತ್ತಾರೆ. ಪಿತ್ತ ಹೇಳುವುದು ಹೆಚ್ಚಾಗಿ ಈಚಿನ ಕೆಲವು ದಿನಗಳ ಕಥೆ, ವರ್ಷಗಳದ್ದಲ್ಲ. ಪಾದರಸಕ್ಕೆ ಈ ದಾರಿ ಹೊಂದುವುದಿಲ್ಲ. ಅದು ಮಾಂಸದಲ್ಲೇ ಕೂರುತ್ತದೆ, ಅಲ್ಲೇ ಹುಡುಕಬೇಕು.

ವಿಷವನ್ನು ಹೊರಹಾಕುತ್ತದಲ್ಲ, ಹಾಗಾದರೆ ಮೀನಿಗೆ ತೊಂದರೆ ಇಲ್ಲ ಅಂದುಕೊಳ್ಳಬೇಡಿ. ನನಗೆ ಜಾಸ್ತಿ ಕಳವಳ ಹುಟ್ಟಿಸುವುದು ಇದೇ ಭಾಗ. ರೂಪ ಬದಲಿಸುವ ದಾರಿಯಲ್ಲಿ ಬೆಂಜೊಪೈರೀನ್ ಸ್ವಲ್ಪ ಹೊತ್ತು ಇನ್ನೂ ಕೆಟ್ಟ ರೂಪ ತಾಳಿ, ಡಿಎನ್‌ಎಗೆ ಅಂಟಿಕೊಳ್ಳಬಲ್ಲದು. ಪಿತ್ತಜನಕಾಂಗ ತನ್ನ ಕೆಲಸ ಮಾಡುತ್ತಲೇ ಗಾಯಗೊಳ್ಳುತ್ತದೆ.

ಅಮೆರಿಕದ ಸಿಯಾಟಲ್ ಎದುರಿನ ಈಗಲ್ ಹಾರ್ಬರ್‌ನಲ್ಲಿ ಆದದ್ದು ಹೀಗೆ. ಅಲ್ಲಿ ಮರದ ಕಂಬಗಳು ಕೊಳೆಯದ ಹಾಗೆ ಕ್ರಿಯೋಸೋಟ್ ಎಂಬ ಟಾರಿನ ಎಣ್ಣೆ ಹಾಯಿಸುವ ಕಾರ್ಖಾನೆ ದಶಕಗಳ ಕಾಲ ನಡೆಯಿತು. ಹಳೆಯ ರೈಲು ಹಳಿಯ ಮರದ ಸ್ಲೀಪರುಗಳ ಘಾಟು ವಾಸನೆ ನೆನಪಿದೆಯಾ? ಅದೇ ಎಣ್ಣೆ. ಅದು ಸೋರಿ ಸಮುದ್ರತಳದ ಕೆಸರಿಗೆ ಇಳಿಯಿತು. ನಮ್ಮ ಕರಾವಳಿಯ ನಂಗು ಮೀನಿನ ಹಾಗೆ ಚಪ್ಪಟೆಯಾಗಿ ತಳದಲ್ಲೇ ಮಲಗುವ ಇಂಗ್ಲಿಷ್ ಸೋಲ್ ಮೀನುಗಳ ಪಿತ್ತಜನಕಾಂಗದಲ್ಲಿ ಗಡ್ಡೆಗಳು ಕಂಡವು. 1993-94ರಲ್ಲಿ ಆ ಕೆಸರಿನ ಮೇಲೆ ಶುದ್ಧ ಮರಳು, ಹೂಳು ಹರಡಿ ಮುಚ್ಚಿದರು. ಮುಂದಿನ ವರ್ಷಗಳಲ್ಲಿ ಹಿಡಿದ ಸೋಲ್ ಮೀನುಗಳ ಪಿತ್ತದಲ್ಲಿ ಆ ಹೊಳಪು ಇಳಿಯಿತು. ಪಿತ್ತಜನಕಾಂಗದ ಗಾಯಗಳೂ ಕಡಿಮೆಯಾದವು.